ಕಾಣೆಯಾಗಿವೆ: 3,600 ಸೊಂಟಗಳು

ನಮ್ಮ ದೇಶದಲ್ಲಿ ತಪ್ಪಿಸಿಕೊಂಡು ಓಡಾಡೋದು ಸುಲಭವಲ್ಲ. ಎರಡು ತಿಂಗಳು ಕರೆಂಟ್ ಬಿಲ್ ಕಟ್ಟದೆ ನೋಡಿ, ಲೈನ್‌ಮ್ಯಾನ್ ಸಂದಿಗೊಂದಿ ಹುಡುಕಿಕೊಂಡು ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಇಂಥ ದೇಶದಲ್ಲೇ 2018ರ ಹೊತ್ತಿಗೂ ಸುಮಾರು 3,600 ಜನರ ಪತ್ತೆ ಇರಲಿಲ್ಲ. ಅವರೇನು ಸಾಲ ಮಾಡಿ ಓಡಿಹೋದವರಲ್ಲ. ಓಡುವುದಿರಲಿ, ನೆಟ್ಟಗೆ ನಡೆಯಲೂ ಕಷ್ಟಪಟ್ಟು ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡವರು!

ಹುಟ್ಟಿದ ಮಗುವಿಗೆ ಪೌಡರ್ ಕೊಡುತ್ತಿದ್ದ ಜಾನ್ಸನ್ ಅಂಡ್ ಜಾನ್ಸನ್, ವಯಸ್ಸಾದ ಮೇಲೆ ಸೊಂಟವನ್ನೂ ಕೊಡುತ್ತಿತ್ತು. ಅದರದೇ ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲು ಅದು. ಲೋಹದ ಬಟ್ಟಲು, ಅದರೊಳಗೆ ಲೋಹದ ಗುಂಡು, ಎರಡೂ ಕೋಬಾಲ್ಟ್-ಕ್ರೋಮಿಯಂ. ನಡೆದಷ್ಟೂ ಒಂದಕ್ಕೊಂದು ಉಜ್ಜುತ್ತವೆ. ಸವೆದ ಲೋಹ ಸುತ್ತಲಿನ ಮಾಂಸಕ್ಕೆ, ಅಲ್ಲಿಂದ ರಕ್ತಕ್ಕೆ. ಕೀಲು ಬದಲಾವಣೆಗಳ ದಾಖಲೆ ಇಡುವ ಬ್ರಿಟನ್ನಿನ ರಿಜಿಸ್ಟ್ರಿಯವರು ಲೆಕ್ಕ ಹಾಕಿದರೆ, 5 ವರ್ಷದೊಳಗೆ 100ರಲ್ಲಿ 12-13 ಜನಕ್ಕೆ ಮತ್ತೆ ಆಪರೇಷನ್! 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನ ತುಂಬಾ ಇದನ್ನು ರಿಕಾಲ್ ಮಾಡಿತು, ಅಂದರೆ ಮಾರುಕಟ್ಟೆಯಿಂದ ವಾಪಸ್ ಪಡೆಯಿತು.

ನಮ್ಮಲ್ಲಿ ಅಷ್ಟು ಹೊತ್ತಿಗೆ ಸುಮಾರು 4,700 ಆಪರೇಷನ್ ಆಗಿತ್ತು. ಯಾರಿಗೆ ಅಂತ ಕೇಳಿದರೆ, ಮುಕ್ಕಾಲು ಪಾಲು ಜನರ ವಿಳಾಸವೇ ಇಲ್ಲ. ಪ್ರತಿ ಕೀಲಿನ ಡಬ್ಬಿಯೊಳಗೆ ಲಾಟ್ ನಂಬರ್ ಇರುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಸ್‌ಶೀಟಿಗೆ ಅಂಟಿಸಬೇಕು. ಅಂಟಿಸಿದರು ಅಂತಲೇ ಇಟ್ಟುಕೊಳ್ಳೋಣ. ಆದರೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಂಡರೆ ಸಾಕು ಅನ್ನುತ್ತದೆ ವೈದ್ಯಕೀಯ ಮಂಡಳಿಯ 2002ರ ನಿಯಮ. ಕೀಲು ಹತ್ತು-ಹದಿನೈದು ವರ್ಷ ಬಾಳಬೇಕು, ಕಾಗದ ಮಾತ್ರ ಮೂರೇ ವರ್ಷಕ್ಕೆ ರದ್ದಿ. ನಾಲ್ಕನೇ ವರ್ಷ ನೋವು ಶುರುವಾದರೆ ತಪ್ಪು ಯಾರದು? ರೋಗಿಯದೇ, ಸ್ವಲ್ಪ ಬೇಗ ನೋಯಬಾರದಿತ್ತಾ?

ಇನ್ನು ಸರ್ಕಾರ. ಆತುರ ಪಟ್ಟು ಕೆಲಸ ಕೆಡಿಸಿಕೊಳ್ಳುವ ಜಾಯಮಾನ ಅದರದ್ದಲ್ಲ. ಆಮದು ಲೈಸೆನ್ಸ್ ರದ್ದಾಗಿದ್ದು 2012ರಲ್ಲಿ. ಎಚ್ಚರಿಕೆಯ ಪ್ರಕಟಣೆ 2013ರ ಕೊನೆಗೆ. ಪರಿಣತರ ಸಮಿತಿ ನೇಮಕವಾಗಿದ್ದು 2017ರಲ್ಲಿ. ವರದಿ 2018ರ ಫೆಬ್ರವರಿಯಲ್ಲಿ ಬಂತು, ಬಂದು ತಿಂಗಳುಗಟ್ಟಲೆ ಫೈಲಿನಲ್ಲೇ ವಿಶ್ರಾಂತಿ ಪಡೆಯಿತು. ಆ ಫೈಲಿನ ಸೊಂಟಕ್ಕೂ ಏನೋ ತೊಂದರೆ ಇದ್ದಿರಬೇಕು.

ಅಮೆರಿಕದಲ್ಲಿ 2013ರಲ್ಲೇ ಸುಮಾರು 8,000 ಜನಕ್ಕೆ ಅಂತ 250 ಕೋಟಿ ಡಾಲರ್ ಪರಿಹಾರದ ರಾಜಿ ಆಗಿತ್ತು. ನಮ್ಮ ಸರ್ಕಾರ ತಲಾ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಕೊಡಿ ಅಂದಾಗ ಕಂಪನಿ ಸೀದಾ ಕೋರ್ಟಿಗೆ ಹೋಯಿತು. ಕೊನೆಗೆ 2019ರಲ್ಲಿ, ಪರಿಶೀಲನೆ ಮುಗಿದಿದ್ದ 67 ಜನಕ್ಕೆ ತಲಾ 25 ಲಕ್ಷ ಕೊಡುತ್ತೇವೆ ಎಂದು ದೆಹಲಿ ಹೈಕೋರ್ಟಿನಲ್ಲಿ ಹೇಳಿತು. 4,700ರಲ್ಲಿ 67!

ಪರಿಶೀಲನೆ ಅಂದರೆ ಬೇರೇನಲ್ಲ, ನಿಮ್ಮೊಳಗೆ ಇರುವುದು ಅದೇ ಕೀಲು ಅಂತ ಸಾಬೀತಾಗಬೇಕು. ಡಿಸ್ಚಾರ್ಜ್ ಸಮ್ಮರಿ ಕಳೆದಿದೆಯಾ? ಆಸ್ಪತ್ರೆಯ ಫೈಲ್ ಗುಜರಿಗೆ ಹೋಗಿದೆಯಾ? ಗಾಬರಿ ಬೇಡ. ಸುಮ್ನೆ ಇನ್ನೊಂದು ಆಪರೇಷನ್ ಮಾಡಿಸಿಕೊಳ್ಳಿ. ಕೀಲು ಹೊರಗೆ ಬಂದ ಮೇಲೆ ತೊಳೆದು, ಅದರ ಮೇಲಿನ ನಂಬರ್ ಓದಿ, ಎರಡು ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿ. ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬೇಡಿ.