ಉಪ್ಪಿಟ್ಟಿನ ಗೋಡಂಬಿ

ನಮ್ಮಣ್ಣ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾನೆ. ಅವನ ಪಕ್ಕ ಕೂತು ಸಿನಿಮಾ ನೋಡುವುದು ಸ್ವಲ್ಪ ಕಷ್ಟ. ಹೀರೋ ಎರಡೂ ಕೈ ಚಾಚಿದರೆ ಸಾಕು, ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು "ನೋಡೇ, ಶಿಲುಬೆ!" ಅನ್ನುತ್ತಾನೆ. ಬೇರೆ ಗ್ರಹದ ಜೀವಿಯೊಂದರ ಕಥೆ, 1982ರ 'ಇ.ಟಿ.' ಸಿನಿಮಾ ಟೀವಿಯಲ್ಲಿ ಬಂದಾಗ ನಾನು ಅಳುತ್ತಿದ್ದೆ, ಅವನು ಆ ಜೀವಿ ಯೇಸುವಿನ ಹಾಗೇ ಅಂತ ಬೆರಳು ಮಡಿಸಿ ಎಣಿಸುತ್ತಿದ್ದ. ಮೇಲಿಂದ ಬಂದ, ಬೆರಳು ತಾಗಿಸಿ ಗಾಯ ಮಾಯಿಸಿದ, ಸತ್ತ, ಎದ್ದ, ಮೇಲಕ್ಕೆ ಹೋದ.

"ಅದನ್ನು ತೆಗೆದ ಸ್ಪೀಲ್‌ಬರ್ಗ್ ಯೆಹೂದಿ ಕಣೋ ಅಣ್ಣಾ" ಅಂದೆ.

"ಊರೂರಿಗೆ ಯೇಸುವಿನ ಸುದ್ದಿ ಸಾರಿದ ಪೌಲನೂ ಯೆಹೂದಿಯೇ" ಅಂದ. ಇವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಸುಮ್ನೆ ನಗುತ್ತಿದ್ದ ನನಗೂ ಈ ಚಟ ಅಂಟಿದ್ದು ಹ್ಯಾರಿ ಪಾಟರ್‌ನಿಂದ. ಮಾಟಮಂತ್ರ ಕಲಿಸುವ ಪುಸ್ತಕ ಅಂತ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಒಂದು ಚರ್ಚಿನವರು 2001ರ ಡಿಸೆಂಬರ್‌ನಲ್ಲಿ ಅದನ್ನು ಬೆಂಕಿಗೆ ಹಾಕಿದ್ದರು. 2007ರಲ್ಲಿ ಕೊನೆಯ ಪುಸ್ತಕ ಬಂತು. ಅದರಲ್ಲೊಂದು ಕ್ರಿಸ್ಮಸ್ ಹಿಂದಿನ ರಾತ್ರಿ. ಹಿಮ ಬಿದ್ದಿದೆ. ಚರ್ಚಿನೊಳಗಿಂದ ಹಾಡು ಕೇಳುತ್ತಿದೆ. ಹೊರಗೆ ಹ್ಯಾರಿ ತನ್ನ ಅಪ್ಪ ಅಮ್ಮನ ಸಮಾಧಿ ಹುಡುಕುತ್ತಿದ್ದಾನೆ. ಸಿಕ್ಕಿದ ಕಲ್ಲಿನ ಮೇಲೆ ಒಂದು ಸಾಲು: ಕಡೆಯ ಶತ್ರು ಸಾವು, ಅದೂ ನಾಶವಾಗುತ್ತದೆ. ಎಲ್ಲಿಯ ಮಾತು ಅಂತ ಪುಸ್ತಕ ಹೇಳುವುದಿಲ್ಲ. ಪಾಪ, ಹ್ಯಾರಿ ಅದನ್ನು ವೈರಿಗಳ ಮಾತು ಅಂದುಕೊಂಡು ಗಾಬರಿಯಾಗುತ್ತಾನೆ. ನನಗೆ ಗೊತ್ತಿತ್ತು. ಬೈಬಲಿನ ಮಾತು, 1 ಕೊರಿಂಥ 15:26. ಅಜ್ಜಿಯನ್ನು ಮಣ್ಣು ಮಾಡಿದ ದಿನ ಪಾಸ್ಟರ್ ಓದಿದ್ದು ಅದೇ ಅಧ್ಯಾಯ. ಪುಸ್ತಕ ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತೆ.

ಕಥೆಯೊಳಗಿನ ಇಂಥ ಬೈಬಲ್ ಸುಳಿವು ಉಪ್ಪಿಟ್ಟಿನ ಗೋಡಂಬಿ ಇದ್ದ ಹಾಗೆ. ತಾನಾಗಿ ಹಲ್ಲಿಗೆ ಸಿಗಬೇಕು. 2013ರ 'ಮ್ಯಾನ್ ಆಫ್ ಸ್ಟೀಲ್' ನೋಡಿ. ಸೂಪರ್‌ಮ್ಯಾನ್‌ಗೆ ಸರಿಯಾಗಿ 33 ವರ್ಷ, ಯೇಸು ಶಿಲುಬೆಗೇರಿದಾಗ ಇತ್ತು ಅನ್ನುವ ವಯಸ್ಸು. ಚರ್ಚಿನಲ್ಲಿ ಕೂತರೆ ಹಿಂದಿನ ಬಣ್ಣದ ಗಾಜಿನಲ್ಲಿ ಸೆರೆಯಾಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುವ ಯೇಸು. ಸಾಲದು ಅಂತ ಸಿನಿಮಾದವರು ಪಾಸ್ಟರುಗಳಿಗೆ ಪ್ರಸಂಗದ ಟಿಪ್ಪಣಿಯನ್ನೂ ಸಿದ್ಧ ಮಾಡಿಸಿ ಕೊಟ್ಟರು! ಉಪ್ಪಿಟ್ಟೇ ಇಲ್ಲ, ಬರೀ ಗೋಡಂಬಿ. ಅಣ್ಣ ಕೂಡ ಆಕಳಿಸಿದ.

ಟೋಲ್ಕಿನ್ ಜಾಣ. ಕಟ್ಟಾ ಕ್ಯಾಥೊಲಿಕ್ ಆದರೂ, ಒಂದು ಹೇಳಿ ಇನ್ನೊಂದನ್ನು ಸೂಚಿಸುವ ಕಥೆ ಕಂಡರೆ ತನಗಾಗದು ಅಂತ 'ಲಾರ್ಡ್ ಆಫ್ ದಿ ರಿಂಗ್ಸ್' ಮುನ್ನುಡಿಯಲ್ಲೇ ಬರೆದ. ಆದರೆ ಆ ಕಥೆಯ ಕೇಡಿನ ಉಂಗುರ ಬೆಂಕಿಗೆ ಬಿದ್ದು ನಾಶವಾದ ದಿನ ಯಾವುದು ಗೊತ್ತಾ? ಮಾರ್ಚ್ 25. ಯೇಸು ಹುಟ್ಟುತ್ತಾನೆ ಅಂತ ದೇವದೂತ ಬಂದು ತಾಯಿ ಮರಿಯಳಿಗೆ ಸುದ್ದಿ ಹೇಳಿದ ಹಬ್ಬದ ದಿನ. ಅದನ್ನೂ ಅನುಬಂಧದ ತಾರೀಖುಪಟ್ಟಿಯಲ್ಲಿ ಹುದುಗಿಸಿಟ್ಟಿದ್ದಾನೆ.

ಇದನ್ನು ಹೇಳಿದಾಗ ಅಣ್ಣ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ಮಗುಚಿ ನೋಡಿದ. ವಾಪಸ್ ಬಂದು ಕೂತು, "ಉಂಗುರದ ಮೂರೂ ಸಿನಿಮಾ ಇನ್ನೊಂದ್ಸಲ ಹಾಕು" ಅಂದ.

ಒಂಬತ್ತು ಗಂಟೆಗೂ ಜಾಸ್ತಿ. ನಾನು ಪಕ್ಕೆಗೊಂದು ದಿಂಬು ಇಟ್ಟುಕೊಂಡೆ.