ಬಾಲದ ಹೂವು ಮತ್ತು ನಮ್ಮನೆಯವರ ನಾಲಿಗೆ

ನಮ್ಮ ಮಲೆನಾಡಿನ ಹೆಂಗಸರು ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಅಂಗಳದ ಗಿಡಗಳನ್ನು, ಆಮೇಲೆ ಮನೆಯವರನ್ನು. ನಾನೂ ಅದೇ ಪೈಕಿ. ಡೇರೆ ಗೆಡ್ಡೆ, ಗುಲಾಬಿ ಟೊಂಗೆ ಅಂತ ಕೊಟ್ಟು, ಕೇಳಿ, ಒಂದೆರಡು ಸಲ ಕೇಳದೆಯೂ ಮುರಿದುಕೊಂಡು ಬಂದು ನನ್ನ ಅಂಗಳ ತುಂಬಿದೆ. ಆಂಥೂರಿಯಂ ಮಾತ್ರ ಯಾರೂ ಸಲೀಸಾಗಿ ಕೊಡುವುದಿಲ್ಲ. "ಮರಿ ಬಂದಾಗ ಹೇಳ್ತೀನಿ" ಅನ್ನುತ್ತಾರೆ. ಮರಿ ಬರುತ್ತದೆ, ಹೇಳಿಕೆ ಬರುವುದಿಲ್ಲ.

ಕೊನೆಗೆ ಶಿವಮೊಗ್ಗದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ದುಡ್ಡು ಕೊಟ್ಟೇ ಒಂದು ಕೆಂಪು ಗಿಡ ತಂದೆ. ಸಾಗರದವರೆಗೆ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೇ ಕೂತಿತ್ತು. ಮನೆಯಲ್ಲಿ ಬೆಲೆ ಅರ್ಧ ಹೇಳಿದೆ.

ಈ ಗಿಡಕ್ಕೆ ಬರೀ ಮಣ್ಣು ಆಗಿಬರುವುದಿಲ್ಲ. ಬೇರಿಗೆ ಗಾಳಿ ಆಡಬೇಕು, ನೀರು ನಿಂತರೆ ಕೊಳೆಯುತ್ತದೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಬೇಕು. ಸಿಪ್ಪೆಯನ್ನೂ ಹಾಗೇ ಹಾಕುವಂತಿಲ್ಲ, ನೆನೆಸಿ ಒಗರು ಬಿಡಿಸಬೇಕು. ಒಂದು ವಾರ ನೆನೆಸಿ, ದಿನಾ ಕೆಂಪು ನೀರು ಚೆಲ್ಲಿ, ಕತ್ತಿಯಲ್ಲಿ ಸಣ್ಣಗೆ ಕೊಚ್ಚಿ, ಬಚ್ಚಲ ಒಲೆಯ ಪಕ್ಕ ಆರಲು ಹರವಿದ್ದೆ. ಅಲ್ಲಿ ಹರವಿದ್ದೇ ತಪ್ಪು ಅನ್ನುವುದು ನಮ್ಮನೆಯವರ ವಾದ.

ಎರಡು ದಿನ ಬಿಟ್ಟು ಸಂಜೆ ನೋಡುತ್ತೇನೆ, ಹಂಡೆ ಕುದಿಯುತ್ತಿದೆ, ಇವರು ಸ್ನಾನ ಮುಗಿಸಿ ಟವೆಲ್ ಹೆಗಲಿಗೆ ಹಾಕಿ ಹಾಡಿಕೊಂಡು ಬರುತ್ತಿದ್ದಾರೆ. "ಎಷ್ಟು ಚೆನ್ನಾಗಿ ಕೊಚ್ಚಿಟ್ಟಿದ್ಯೇ ಮಾರಾಯ್ತಿ! ಊದುವ ಕೆಲಸವೇ ಇರಲಿಲ್ಲ." ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದರು. "ಇದ್ದಿಲೂ ಬೇಕು ಅಂದಿದ್ಯಲ್ಲ, ಒಲೆಯೊಳಗೆ ಇದೆ."

ಆಮೇಲೆ ನಾನೂ ಒಂದು ಎಡವಟ್ಟು ಮಾಡಿದೆ. ನಾಲ್ಕು ಜನಕ್ಕೆ ಕಾಣಲಿ ಅಂತ ಅಂಗಳದ ನಡುವೆ ಇಟ್ಟು, ಬೇಸಿಗೆ ಬಿಸಿಲಿಗೆ ಎರಡು ಎಲೆ ಸುಟ್ಟ ಹಪ್ಪಳವಾದವು. ಅಡಿಕೆ ತೋಟದಂಥ ನೆರಳು, ತೇವ ಕೇಳುವ ಗಿಡ ಅದು. ಜಗಲಿಯ ಮೂಲೆಗೆ ತಂದ ಮೇಲೆ ಚೇತರಿಸಿಕೊಂಡಿತು.

ಮಳೆ ಹಿಡಿದ ಮೇಲೆ ಮೊದಲ ಹೂವು ಬಂತು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ಹೂವಲ್ಲ, ಕೆಸು" ಅಂದರು.

ನಮ್ಮನೆಯವರು ನಿವೃತ್ತ ವಿಜ್ಞಾನ ಮೇಷ್ಟ್ರು. ಪಾಠ ಮಾಡದೆ ವರ್ಷ ಕಳೆದಿತ್ತು ಬೇರೆ. ಫೋನ್ ಹಿಡಿದು ಶುರು ಮಾಡಿದರು: 1876ರಲ್ಲಿ ಎದುವಾರ್ ಆಂದ್ರೆ ಎಂಬ ಫ್ರಾನ್ಸಿನವನು ದಕ್ಷಿಣ ಅಮೆರಿಕದಲ್ಲಿ ಕಂಡ ಗಿಡ ಇದು, ಗ್ರೀಕಿನಲ್ಲಿ ಆಂಥೋಸ್ ಅಂದರೆ ಹೂವು, ಊರಾ ಅಂದರೆ ಬಾಲ. "ಅಮ್ಮ, ಮೇಣ ಸವರಿದ ಹಾಗೆ ಹೊಳೆಯೋ ಈ ಕೆಂಪು ಭಾಗ ಹೂವಲ್ಲ, ಬಣ್ಣ ಬಂದ ಎಲೆ. ನಡುವಿನ ಬಾಲಕ್ಕೆ ಅಂಟಿರೋ ಈ ಕಾಳುಗಳೇ ನಿಜವಾದ ಹೂವು."

"ಅದೇ ಹೇಳಿದ್ದು ನಾನು, ಹೂವಲ್ಲ ಅಂತ. ಸುವರ್ಣಗೆಡ್ಡೆ ಹೂ ಬಿಟ್ಟಿದ್ದು ನೋಡಿಲ್ವೇನೋ? ಇದೇ ಬಾಲ. ಬಾಯಿಗೆ ಹಾಕ್ಕೊಂಡ್ರೆ ತುರಿಸತ್ತೆ ನೋಡು."

ವಿಜ್ಞಾನ ಅಂದರೆ ಪ್ರಯೋಗ. ಇವರು ಬಾಲದ ತುದಿ ಚಿವುಟಿ ಹಲ್ಲಿಗಿಟ್ಟು ಕಚ್ಚಿಯೇಬಿಟ್ಟರು. ಗೆದ್ದವರ ಹಾಗೆ ನಕ್ಕರು. ಆಮೇಲೆ ಆ ನಗು ಮುಖದ ಒಂದೇ ಪಕ್ಕದಲ್ಲಿ ಉಳಿಯಿತು.

ಕೆಸು, ಸುವರ್ಣಗೆಡ್ಡೆ, ಆಂಥೂರಿಯಂ ಮೂರೂ ಒಂದೇ ಕುಟುಂಬವಂತೆ. ಮೂರರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವಂತೆ. ಕೆಸುವಿನ ಎಲೆಯಲ್ಲಿ ಮಾಡುವ ಪತ್ರೊಡೆಗೆ ಹುಳಿ ಹಾಕಿ ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು ಈ ತುರಿಕೆಗೆ ಹೆದರಿಯೇ. ಇದೆಲ್ಲ ಇವರು ಹೇಳಿದ್ದು ಮರುದಿನ, ಅವತ್ತು ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆ ಒಂದು ಮಾತೂ ಆಡದೆ ಒಳಗೆ ಹೋಗಿ ಮೊಸರಿನ ಪಾತ್ರೆ ತಂದು ಮಗನ ಮುಂದಿಟ್ಟರು. ಜೋರು ಮಳೆ, ಜಗಲಿಯಲ್ಲಿ ಬಾಯಿ ತುಂಬ ಮೊಸರಿಟ್ಟುಕೊಂಡು ಕೂತ ಮೇಷ್ಟ್ರು. ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿದ್ದು ನನಗೆ ನೆನಪಿಲ್ಲ.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ಉರಿದದ್ದು ಇವರ ಬಾಯಿಗಾಗಿ ಅಲ್ಲ. ಈ ಗಿಡ ಕೊಡುವುದೇ ಎಲೆಗೊಂದು ಹೂವು. ಮುಟ್ಟದೆ ಬಿಟ್ಟರೆ ವಾರಗಟ್ಟಲೆ ಬಾಡದ ಹೂವು, ಬಾಲದ ತುದಿ ಕಳೆದುಕೊಂಡು ನಿಂತಿತ್ತು. ನೋಡಲು ಬಂದವರಿಗೆಲ್ಲ ಹುಳ ತಿಂದಿದೆ ಅಂದೆ.

ಈಗ ಗಿಡದಲ್ಲಿ ಒಂಬತ್ತು ಎಲೆ ಇವೆ. ನನಗೆ ಹೇಗೆ ಗೊತ್ತು ಅಂದರೆ, ಅತ್ತೆ ಪತ್ರೊಡೆ ಮಾಡಿದ ದಿನ ಇವರು ತಟ್ಟೆಯ ಮುಂದಿನಿಂದ ಎದ್ದು ಜಗಲಿಗೆ ಹೋಗಿ, ಎಣಿಸಿ ಬಂದೇ ಊಟಕ್ಕೆ ಕೂರುವುದು.