ಕೊಲೆಗಾರ ಸಿಕ್ಕರೂ ನೆಮ್ಮದಿ ಸಿಗದ ಕಾದಂಬರಿಗಳು

ಈಚೆಗೆ ಓದಿದ ಕೆಲವು ಕಾದಂಬರಿಗಳು ತಲೆಯಿಂದ ಇಳಿಯುತ್ತಲೇ ಇಲ್ಲ. ಪತ್ತೇದಾರಿ ಇಷ್ಟಪಡುವವರಿಗೂ ಡಿಸ್ಟೋಪಿಯ, ಅಂದರೆ ಬದುಕೇ ಉಸಿರುಗಟ್ಟಿಸುವ ಕಲ್ಪಿತ ಸಮಾಜದ ಕಥೆ, ಇಷ್ಟಪಡುವವರಿಗೂ ಇವನ್ನು ಓದಿಸಬೇಕು ಅನ್ನುವ ಆಸೆಗೆ ಈ ಬರಹ. ಗುಟ್ಟು ಯಾವುದನ್ನೂ ಬಿಟ್ಟುಕೊಡುವುದಿಲ್ಲ, ಧೈರ್ಯವಾಗಿ ಓದಿ.

ಫ್ಯಾಂಟಸಿ ಲೋಕದಲ್ಲಿ ಕೊಲೆಯ ತನಿಖೆ ಅಂದಕೂಡಲೇ ಒಂದು ಅನುಮಾನ ಏಳುತ್ತದೆ. ಏನು ಬೇಕಾದರೂ ನಡೆಯಬಹುದಾದ ಲೋಕದಲ್ಲಿ ಓದುಗ ಊಹಿಸುವುದಾದರೂ ಹೇಗೆ? ಕೊನೆಗೆ ಮಾಯಮಂತ್ರದಿಂದ ಕೊಂದ ಅಂದುಬಿಟ್ಟರೆ ಅಷ್ಟೂ ಪುಟ ತಲೆಕೆಡಿಸಿಕೊಂಡದ್ದು ದಂಡ. ಹಾಗಾಗಿ ಆ ಲೋಕದ ಕಟ್ಟುಪಾಡುಗಳನ್ನು ಲೇಖಕ ಮೊದಲೇ ನಮ್ಮ ಮುಂದಿಡಬೇಕು, ಆಮೇಲೆ ಅವನ್ನು ತಾನೂ ಮೀರಬಾರದು.

ರಾಬರ್ಟ್ ಜಾಕ್ಸನ್ ಬೆನೆಟ್ ಅವರ 'ದಿ ಟೇಂಟೆಡ್ ಕಪ್' ಈ ಮಾತನ್ನು ಉಳಿಸಿಕೊಳ್ಳುತ್ತದೆ. 2024ರಲ್ಲಿ ಬಂದ ಕಾದಂಬರಿ, 2025ರಲ್ಲಿ ವೈಜ್ಞಾನಿಕ ಮತ್ತು ಫ್ಯಾಂಟಸಿ ಬರಹಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಗೆದ್ದಿತು. ಶ್ರೀಮಂತ ಮನೆತನವೊಂದರ ಬಂಗಲೆಯಲ್ಲಿ ಅಧಿಕಾರಿಯೊಬ್ಬ ಸತ್ತಿದ್ದಾನೆ. ಸತ್ತ ರೀತಿಯೋ, ಅವನ ಮೈಯೊಳಗಿಂದಲೇ ಮರ ಸೀಳಿಕೊಂಡು ಬೆಳೆದು ನಿಂತಿದೆ! ತನಿಖೆ ಮಾಡುವ ಆನಾ ಮನೆ ಬಿಟ್ಟು ಹೊರಡುವುದೇ ಅಪರೂಪ, ಬಹುಪಾಲು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕೂತಿರುತ್ತಾಳೆ. ಸ್ಥಳಕ್ಕೆ ಹೋಗಿ ನೋಡಿ ಬರುವವನು ಸಹಾಯಕ ದಿನ್. ಕಂಡದ್ದನ್ನೆಲ್ಲ ಮರೆಯದಂತೆ ಅವನ ಮಿದುಳನ್ನೇ ಮಾರ್ಪಡಿಸಿದ್ದಾರೆ. ಪುಟ್ಟ ಸೀಸೆಗಳಲ್ಲಿರುವ ಪರಿಮಳ ಮೂಸಿ ಅವನು ಒಂದೊಂದು ನೆನಪನ್ನೂ ಹೊರಗೆ ತೆಗೆಯುತ್ತಾನೆ. ಅವನು ವರದಿ ಒಪ್ಪಿಸುವ ದೃಶ್ಯಗಳು ಪುಸ್ತಕದ ಜೀವ. ಆನಾಗೆ ಗೊತ್ತಾದದ್ದೆಲ್ಲ ನಮಗೂ ಗೊತ್ತು, ಆದರೂ ಹೊಳೆಯುವುದು ಅವಳಿಗೇ ಮೊದಲು.

ಇದರ ಹಿಂದೆ ದೊಡ್ಡದೊಂದು ಭಯವಿದೆ. ಪ್ರತಿ ಮಳೆಗಾಲದಲ್ಲೂ ಸಮುದ್ರದಿಂದ ದೈತ್ಯ ಪ್ರಾಣಿಗಳು ಏರಿಬರುತ್ತವೆ. ತಡೆಗೋಡೆ ಕುಸಿದರೆ ಎಲ್ಲರ ಕಥೆ ಮುಗಿಯಿತು. ಇಂಥ ಭಯದ ನೆರಳಲ್ಲಿ ಯಾರು ಸಿರಿವಂತರಾಗುತ್ತಾರೆ, ಯಾರ ಜೀವಕ್ಕೆ ಬೆಲೆ ಇಲ್ಲ ಅನ್ನುವುದನ್ನೂ ತನಿಖೆ ಹೊರಗೆಳೆಯುತ್ತದೆ. ನಡುವೆ ಹುದ್ದೆಗಳ ಹೆಸರು ಸ್ವಲ್ಪ ಜಾಸ್ತಿಯಾಯಿತು, ಸಹಿಸಿಕೊಳ್ಳಿ.

ಚೈನಾ ಮಿಯೆವಿಲ್ ಅವರ 'ದಿ ಸಿಟಿ ಅಂಡ್ ದಿ ಸಿಟಿ' 2009ರದು. ಒಂದೇ ಜಾಗದಲ್ಲಿ ಎರಡು ನಗರಗಳು, ಒಂದೇ ಬೀದಿಯಲ್ಲಿ ಎರಡು ದೇಶಗಳ ಜನ. ಪಕ್ಕದಲ್ಲೇ ನಡೆಯುತ್ತಿರುವವನು ಇನ್ನೊಂದು ನಗರದವನಾದರೆ ಕಂಡರೂ ಕಾಣದಂತೆ ಇರಬೇಕು. ಮಕ್ಕಳಿಗೆ ಚಿಕ್ಕಂದಿನಿಂದಲೇ ಇದರ ಅಭ್ಯಾಸ. ಗೆರೆ ದಾಟಿದವರನ್ನು ಎಲ್ಲಿಂದಲೋ ಬಂದು ಎತ್ತಿಕೊಂಡು ಹೋಗುವ ಶಕ್ತಿಯೊಂದಿದೆ. ಇಂಥಲ್ಲಿ ಒಂದು ನಗರದಲ್ಲಿ ಕೊಲೆಯಾದ ಹೆಣ ಇನ್ನೊಂದು ನಗರದಲ್ಲಿ ಸಿಗುತ್ತದೆ. ಶುರುವಿನಲ್ಲೇ ಇನ್‌ಸ್ಪೆಕ್ಟರ್ ಬೋರ್ಲು ಬೀದಿಯಲ್ಲಿ ಹೋಗುವ ಮುದುಕಿಯೊಬ್ಬಳನ್ನು ನೋಡಿ ಬೆಚ್ಚಿಬೀಳುತ್ತಾನೆ. ಅವಳು ಇರುವುದು ಇನ್ನೊಂದು ನಗರದಲ್ಲಿ, ತಾನು ನೋಡಬಾರದಿತ್ತು. ಗಡಿಬಿಡಿಯಲ್ಲಿ ಕಣ್ಣು ತಿರುಗಿಸುತ್ತಾನೆ. ಆ ಲೋಕದ ಕಟ್ಟಳೆ ಪೂರ್ತಿ ಅರ್ಥವಾಗುವ ಮೊದಲೇ ಅದರ ಭಯ ನಮಗೆ ತಟ್ಟುತ್ತದೆ. ಇಲ್ಲಿ ಯಾವ ಮಾಯೆಯೂ ಇಲ್ಲ, ಎಲ್ಲರೂ ಸೇರಿ ಒಂದು ಸುಳ್ಳನ್ನು ಪ್ರತಿ ಕ್ಷಣ ಪಾಲಿಸುತ್ತಿದ್ದಾರೆ. ಪೊಲೀಸನೂ ಅವರಲ್ಲೊಬ್ಬ. ನೋಡುವುದೇ ಅಪರಾಧವಾದ ಕಡೆ ಅವನು ಸಾಕ್ಷಿ ಹುಡುಕುವುದು ಹೇಗೆ? ಈ ಇಕ್ಕಟ್ಟಿಗಾಗಿಯೇ ನನಗೆ ಈ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ಮೇಲು. ಮೊದಲ ಕೆಲವು ಅಧ್ಯಾಯ ಕಷ್ಟ ಕೊಡುತ್ತವೆ, ಕೈಬಿಡಬೇಡಿ.

ಯೋಕೋ ಒಗಾವಾ ಅವರ 'ದಿ ಮೆಮೊರಿ ಪೊಲೀಸ್' ಜಪಾನಿನಲ್ಲಿ ಬಂದದ್ದು 1994ರಲ್ಲಿ, ಇಂಗ್ಲಿಷಿಗೆ ಬಂದದ್ದು 2019ರಲ್ಲಿ. ಒಂದು ದ್ವೀಪದಲ್ಲಿ ವಸ್ತುಗಳು ಒಂದೊಂದಾಗಿ ಮರೆಯಾಗುತ್ತವೆ: ಸುಗಂಧ, ಹಕ್ಕಿ, ಗುಲಾಬಿ. ವಸ್ತುವಿನ ಜೊತೆಗೆ ಅದರ ನೆನಪೂ ಹೋಗುತ್ತದೆ. ನೆನಪು ಅಳಿಯದೆ ಉಳಿದವರನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಕಥೆ ಹೇಳುವ ಲೇಖಕಿ ಅಂಥ ಒಬ್ಬನನ್ನು ಮನೆಯಲ್ಲಿ ಬಚ್ಚಿಡುತ್ತಾಳೆ. ಅವನು ಹಳೆಯ ವಸ್ತುಗಳನ್ನು ಅವಳ ಕೈಗಿಟ್ಟು ಏನಾದರೂ ನೆನಪಾಯಿತೇ ಎಂದು ಕೇಳುತ್ತಾನೆ, ಅವಳಿಗೆ ಏನೂ ಅನ್ನಿಸುವುದಿಲ್ಲ. ಆ ಪುಟಗಳಲ್ಲಿ ಗಂಟಲು ಕಟ್ಟಿತು. ಹೀಗೆಲ್ಲ ಯಾಕಾಗುತ್ತಿದೆ ಎಂದು ಒಗಾವಾ ಹೇಳುವುದೇ ಇಲ್ಲ. ಕೆಲವರಿಗೆ ಇದು ಕೊರತೆ ಅನ್ನಿಸಬಹುದು. ನನಗೆ ಅದೇ ಸರಿ ಅನ್ನಿಸಿತು, ಕಾರಣ ಕೇಳುವ ಅಭ್ಯಾಸವೇ ಅಲ್ಲಿನ ಜನಕ್ಕೆ ತಪ್ಪಿಹೋಗಿದೆಯಲ್ಲ.

ಕಲ್ಪನಾಲೋಕ ಬೇಡ, ಬುದ್ಧಿಗೆ ಕೆಲಸ ಸಾಕು ಅನ್ನುವವರಿಗೆ ಕೀಗೋ ಹಿಗಾಶಿನೋ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಕೊಲೆ ಮಾಡಿದ್ದು ಯಾರು ಅಂತ ಮೊದಲ ಅಧ್ಯಾಯದಲ್ಲೇ ಗೊತ್ತು. ಗಣಿತದ ಮೇಷ್ಟ್ರೊಬ್ಬ ಅದನ್ನು ಹೇಗೆ ಮುಚ್ಚಿಹಾಕಿದ ಅನ್ನುವುದೇ ಒಗಟು. ಇದರ ಬಗ್ಗೆ ಇನ್ನೊಂದು ಸಾಲು ಹೇಳಿದರೂ ನಿಮ್ಮ ಸುಖ ಕಸಿದಂತೆ.

ಈ ಬಗೆಯ ಓದಿಗೆ ಹೊಸಬರಾದರೆ ಹಿಗಾಶಿನೋ ಇಂದ ಶುರುಮಾಡಿ, ಅಲ್ಲಿಂದ ಬೆನೆಟ್. ಮಿಯೆವಿಲ್ ಕಾದಂಬರಿಯನ್ನು ಮಾತ್ರ ಅಲ್ಲೊಂದು ಪುಟ ಇಲ್ಲೊಂದು ಪುಟ ಓದಲು ಹೋಗಬೇಡಿ, ಬಿಡುವು ಮಾಡಿಕೊಂಡು ಕೂತು ಓದಿ.